ಬರೆದವರೊಬ್ಬರು, ಹೆಸರೊಬ್ಬರದು: ಇಮೇಲ್ ಇನ್ನೊಬ್ಬರ ಕೈಗೆ ಕೊಟ್ಟ ಒಂದು ಪ್ರಕರಣ

"ಏನೇ, ನನ್ನ ಮೇಲೆ ಸಿಟ್ಟಾ?"

ಫೋನ್ ಎತ್ತಿದ ಕೂಡಲೇ ಕೇಳಿದ ಮಾತು ಇದು. ಆ ಕಡೆ ಇದ್ದವಳು ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳತಿ. ಅವಳು ಬರೆಯುತ್ತಾಳೆ, ಅವಳ ಹಸ್ತಪ್ರತಿ ತಿದ್ದುವವಳು ನಾನು. ಸಿಟ್ಟು ಯಾಕೆ ಬರಬೇಕು ಅಂದೆ. "ಮತ್ತಿನ್ನೇನು? 'ನಿಮ್ಮ ಪತ್ರ ತಲುಪಿದೆ. ತಮಗೆ ಅನುಕೂಲವಾದ ದಿನಾಂಕ ತಿಳಿಸಿದರೆ ಉಪಕಾರವಾಗುತ್ತದೆ' ಅಂತ ಬರೆದಿದ್ದೀಯಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನನಗೆ 'ನೀವು' ಅಂದಿದ್ದೀಯಾ?"

ಅಂದಿರಲಿಲ್ಲ. ಆ ಪತ್ರ ನಾನು ಬರೆದದ್ದೂ ಅಲ್ಲ. ಆದರೆ ಕೆಳಗಿದ್ದದ್ದು ನನ್ನ ಹೆಸರು.

ದೂರದಲ್ಲಿರುವ ಸಹಾಯಕಿಯೊಬ್ಬರ ಕೈಗೆ ನನ್ನ ಇಮೇಲ್ ಕೊಟ್ಟು ಏಳನೆಯ ವಾರ ಅದು. ಅಲ್ಲಿಯವರೆಗೆ ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಎಲ್ಲಿ ತಪ್ಪಿತು, ಏನು ಬದಲಾಯಿಸಿದೆ, ಯಾವುದನ್ನು ವಾಪಸ್ ತೆಗೆದುಕೊಂಡೆ ಎಂಬುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಇಂಥದೇ ಏರ್ಪಾಡು ಮಾಡಿಕೊಳ್ಳಬೇಕೆಂದಿರುವವರಿಗೆ ನನ್ನ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.

ಮೊದಲು ಎಣಿಸಿದ್ದು

ನನ್ನದು ಒಬ್ಬಳೇ ನಡೆಸುವ ಕೆಲಸ. ಲೇಖಕರ, ಪ್ರಕಾಶಕರ ಹಸ್ತಪ್ರತಿ ತಿದ್ದಿ ಅಚ್ಚಿಗೆ ಸಿದ್ಧಮಾಡಿ ಕೊಡುತ್ತೇನೆ. ಒಂದು ಹೊತ್ತಿಗೆ ಏಳೆಂಟು ಪುಸ್ತಕಗಳು ಬೇರೆಬೇರೆ ಹಂತದಲ್ಲಿರುತ್ತವೆ. ಒಂದೊಂದರ ಹಿಂದೆಯೂ ಲೇಖಕರು, ಪ್ರಕಾಶಕರು, ಪುಟವಿನ್ಯಾಸದವರು, ಕೆಲವೊಮ್ಮೆ ಅನುವಾದಕರು. ಎಲ್ಲರ ಮಾತುಕತೆಯೂ ಮೇಲ್‌ನಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಇನ್‌ಬಾಕ್ಸ್ ತೆರೆದರೆ ಮಧ್ಯಾಹ್ನದವರೆಗೆ ಉತ್ತರ ಬರೆಯುವುದೇ ಆಗುತ್ತಿತ್ತು. ನಿಜವಾದ ತಿದ್ದುವ ಕೆಲಸ ಶುರುವಾಗುತ್ತಿದ್ದದ್ದು ಸಂಜೆ, ಕಣ್ಣು ಸೋತ ಮೇಲೆ. ನಾನು ನಿಧಾನದವಳಾಗಿದ್ದೇನೆ, ವಯಸ್ಸಾಯಿತು ಎಂದು ಬಹಳ ದಿನ ನಂಬಿದ್ದೆ.

ಸಹಾಯಕ್ಕೆ ಜನ ಹುಡುಕುವ ಮೊದಲು ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ ಎಣಿಸಿದ್ದು. ಹತ್ತು ಕೆಲಸದ ದಿನ, ಬಂದ ಪ್ರತಿ ಮೇಲ್‌ಗೂ ಒಂದು ಲೇಬಲ್ ಹಚ್ಚಿದೆ. ಒಟ್ಟು 648 ಬಂದವು. ಅದರಲ್ಲಿ 371ಕ್ಕೆ ಯಾರೂ ಏನೂ ಮಾಡಬೇಕಿರಲಿಲ್ಲ: ಸುದ್ದಿಪತ್ರ, ನೋಟಿಫಿಕೇಶನ್, ಎಲ್ಲರಿಗೂ ಸಿಸಿ ಹಾಕಿದ "ಧನ್ಯವಾದ". ಉಳಿದ 277ರಲ್ಲಿ 116 "ಎಲ್ಲಿಗೆ ಬಂತು, ಯಾವಾಗ ಸಿಗುತ್ತದೆ, ಯಾವಾಗ ಮಾತಾಡೋಣ" ಎಂಬ ಜಾತಿಯವು. 62 ಇನ್‌ವಾಯ್ಸ್ ಮತ್ತು ಒಪ್ಪಂದಕ್ಕೆ ಸೇರಿದವು. 35 ಹೊಸಬರ ವಿಚಾರಣೆ. ಕೊನೆಗೆ ಉಳಿದ 64 ಮಾತ್ರ ನಾನೇ ಕೂತು ಯೋಚಿಸಿ ಉತ್ತರಿಸಬೇಕಾದವು. ಅಂದರೆ ಹತ್ತರಲ್ಲಿ ಒಂದು.

ಆ 371ಕ್ಕೆ ಮನುಷ್ಯರೇ ಬೇಕಿಲ್ಲ. ಒಂದು ಭಾನುವಾರ ಕೂತು ಅರ್ಧದಷ್ಟನ್ನು ಅನ್‌ಸಬ್‌ಸ್ಕ್ರೈಬ್ ಮಾಡಿದೆ, ಉಳಿದವಕ್ಕೆ ಫಿಲ್ಟರ್ ಹಾಕಿದೆ. ಜಾಹೀರಾತು ಅಳಿಸುವುದಕ್ಕೆ ಒಬ್ಬರಿಗೆ ಸಂಬಳ ಕೊಡುವುದು ಅವರಿಗೂ ಅವಮಾನ, ನಮಗೂ ನಷ್ಟ. ಈ ಕೆಲಸ ಆದಮೇಲೆ ನನಗೆ ಸಹಾಯಕಿ ಬೇಕೇ ಎಂಬ ಅನುಮಾನವೂ ಒಮ್ಮೆ ಬಂದಿತ್ತು. ಎರಡು ವಾರ ಕಾದು ನೋಡಿದೆ. ಬೇಕಿತ್ತು.

ಈ ಲೆಕ್ಕದಲ್ಲಿ ಒಂದು ದೊಡ್ಡ ಕುರುಡು ಇತ್ತು. ಅದು ಆಗ ಕಾಣಲಿಲ್ಲ. ಮೇಲ್‌ಗಳನ್ನು ನಾನು ವಿಷಯ ನೋಡಿ ಗುಂಪು ಮಾಡಿದ್ದೆ, ಬರೆದವರು ಯಾರು ಎಂದು ನೋಡಿರಲಿಲ್ಲ. ಗೆಳತಿಯ ಪತ್ರ "ಯಾವಾಗ ಮಾತಾಡೋಣ" ಗುಂಪಿಗೆ ಸೇರಿತ್ತು.

ಬೀಗದ ಕೈ

ಸಹಾಯಕಿ ಸಿಕ್ಕಿದ್ದು ಪರಿಚಿತರ ಮೂಲಕ. ಬೇರೊಂದು ಊರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವರು. ಇಂಥವರನ್ನು ಈಗ ವರ್ಚುವಲ್ ಅಸಿಸ್ಟೆಂಟ್ ಅನ್ನುತ್ತಾರೆ, ಚುಟುಕಾಗಿ ವಿಎ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ. ಮೊದಲ ಬಾರಿ ಮಾತಾಡಿದಾಗ ಆಕೆ ಕೇಳಿದ ಪ್ರಶ್ನೆ ನನಗೆ ಹಿಡಿಸಿತು: "ಮೇಡಂ, ನೀವು ಯಾವುದನ್ನು ನನಗೆ ಕೊಡಬೇಕು ಅಂತಿದ್ದೀರಿ ಅನ್ನೋದು ಗೊತ್ತಾಯಿತು. ಯಾವುದನ್ನು ಕೊಡಬಾರದು ಅಂತಿದ್ದೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡೋಣ ಅಂದೆ.

ಪಾಸ್‌ವರ್ಡ್ ಕೊಡಬಾರದು ಎಂಬಷ್ಟು ತಿಳಿದಿತ್ತು. ಜಿಮೇಲ್‌ನಲ್ಲಿ ಇದಕ್ಕೆಂದೇ ಡೆಲಿಗೇಶನ್ ಎಂಬ ಸೌಲಭ್ಯವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಇನ್ನೊಬ್ಬರ ವಿಳಾಸ ಸೇರಿಸಿದರೆ ಅವರಿಗೊಂದು ಆಹ್ವಾನ ಹೋಗುತ್ತದೆ, ಅವರು ಒಂದು ವಾರದೊಳಗೆ ಒಪ್ಪಿಕೊಳ್ಳಬೇಕು. ಆಮೇಲೆ ಅವರು ತಮ್ಮದೇ ಖಾತೆಯಿಂದ ಒಳಗೆ ಬಂದು ನಮ್ಮ ಮೇಲ್ ಓದಬಹುದು, ಕಳಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಿಸಲಾರರು, ನಮ್ಮ ಹೆಸರಿನಲ್ಲಿ ಚಾಟ್ ಮಾಡಲಾರರು. ಬೇಡವೆನಿಸಿದ ದಿನ ಒಂದು ಕ್ಲಿಕ್ಕಿನಲ್ಲಿ ಹೆಸರು ತೆಗೆದುಹಾಕಬಹುದು. ಔಟ್‌ಲುಕ್‌ನಲ್ಲೂ ಇದೇ ಬಗೆಯ ವ್ಯವಸ್ಥೆಯಿದೆ. ಪಾಸ್‌ವರ್ಡ್ ಹೇಳಿಬಿಟ್ಟರೆ ಒಟಿಪಿಯನ್ನೂ ಪ್ರತಿಸಲ ಹೇಳುತ್ತ ಕೂರಬೇಕು, ಯಾರು ಏನು ಮಾಡಿದರು ಎಂಬುದೂ ತಿಳಿಯುವುದಿಲ್ಲ. ಡೆಲಿಗೇಶನ್ ಕೊಟ್ಟೆ, ಸುರಕ್ಷಿತವಾಗಿದ್ದೇನೆ ಅಂದುಕೊಂಡೆ.

ಎರಡನೆಯ ವಾರ ಆಕೆಯಿಂದ ಒಂದು ಸಂದೇಶ: "ಮೇಡಂ, ನಿಮ್ಮ ಲ್ಯಾಬ್ ರಿಪೋರ್ಟ್ ಬಂದಿದೆ. ಹಸ್ತಪ್ರತಿ ಅಂದುಕೊಂಡು ತೆರೆದುಬಿಟ್ಟೆ. ನಾನು ನೋಡಬಾರದಿತ್ತು. ಕ್ಷಮಿಸಿ."

ರಿಪೋರ್ಟಿನಲ್ಲಿ ಗಾಬರಿಯ ವಿಷಯ ಏನೂ ಇರಲಿಲ್ಲ. ಆದರೆ ಅಂದು ರಾತ್ರಿ ನನ್ನ ಮೇಲ್‌ಬಾಕ್ಸನ್ನು ನಾನೇ ಹೊರಗಿನವಳಂತೆ ನೋಡಿದೆ. ಹನ್ನೊಂದು ವರ್ಷದ ಪತ್ರಗಳು. ಬ್ಯಾಂಕಿನ ಸ್ಟೇಟ್‌ಮೆಂಟ್, ತೆರಿಗೆ ಕಾಗದ, ಅಣ್ಣನ ಜೊತೆಗಿನ ಜಗಳ, ಒಬ್ಬ ಲೇಖಕರ ಬಗ್ಗೆ ಇನ್ನೊಬ್ಬ ಲೇಖಕರು ಗುಟ್ಟಾಗಿ ಬರೆದದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಯಾವ ಖಾತೆಯ ಪಾಸ್‌ವರ್ಡ್ ಮರೆತರೂ ಹೊಸ ಪಾಸ್‌ವರ್ಡಿನ ಲಿಂಕ್ ಬರುವುದು ಇಲ್ಲಿಗೇ. ಇಮೇಲ್ ಬರೀ ಅಂಚೆಪೆಟ್ಟಿಗೆಯಲ್ಲ, ಮನೆಯ ಬೀಗದ ಕೈಗಳೆಲ್ಲ ನೇತುಹಾಕಿರುವ ಮೊಳೆ. ಇಡೀ ಗೊಂಚಲನ್ನು ಆಕೆಯ ಕೈಗೆ ಕೊಟ್ಟು, ಅಂಗಳದ ಗೇಟು ಮಾತ್ರ ತೆರೆಯಮ್ಮ ಎಂದು ಹೇಳಿದ್ದೆ. ಆಕೆ ಒಳ್ಳೆಯವರಾದ್ದರಿಂದ ಬಚಾವಾದೆ. ವ್ಯವಸ್ಥೆ ನಿಂತದ್ದು ಎದುರಿನವರ ಒಳ್ಳೆಯತನದ ಮೇಲೆ ಎಂದಾದರೆ ಅದು ವ್ಯವಸ್ಥೆಯಲ್ಲ. ಆಕೆಗೂ ಅದು ನ್ಯಾಯವಲ್ಲ: ಮುಂದೆಂದಾದರೂ ಏನಾದರೂ ಸೋರಿದರೆ ಮೊದಲ ಅನುಮಾನ ಬೀಳುವುದು ಆಕೆಯ ಮೇಲೆಯೇ.

ಜಿಮೇಲ್ ಡೆಲಿಗೇಶನ್‌ನಲ್ಲಿ ಕೆಲವು ಮೇಲ್ ತೋರಿಸಿ ಕೆಲವನ್ನು ಮುಚ್ಚಿಡುವ ದಾರಿಯಿಲ್ಲ. ಕೊಟ್ಟರೆ ಇಡಿಯಾಗಿ ಕೊಡಬೇಕು. ಹಾಗಾಗಿ ಕೆಲಸದ ಪತ್ರವ್ಯವಹಾರಕ್ಕೇ ಹೊಸ ವಿಳಾಸ ಮಾಡಿದೆ. ಹಳೆಯ ಪೆಟ್ಟಿಗೆಯಿಂದ ಆಕೆಯ ಹೆಸರು ತೆಗೆದೆ, ಲೇಖಕರು, ಪ್ರಕಾಶಕರ ವಿಳಾಸಗಳಿಂದ ಬರುವ ಮೇಲ್ ಮಾತ್ರ ಹೊಸದಕ್ಕೆ ಫಾರ್ವರ್ಡ್ ಆಗುವಂತೆ ಫಿಲ್ಟರ್ ಹಾಕಿದೆ. ಎಲ್ಲರಿಗೂ ಹೊಸ ವಿಳಾಸ ತಿಳಿಸಿದೆ. ಪೂರ್ತಿ ನೆಲೆಗೊಳ್ಳಲು ಒಂದೂವರೆ ತಿಂಗಳು ಹಿಡಿಯಿತು. ಮೊದಲ ದಿನವೇ ಮಾಡಿದ್ದರೆ ಅರ್ಧ ದಿನದ ಕೆಲಸ.

ಇದರ ಜೊತೆಗೆ ಒಂದು ಗೋಪ್ಯತೆಯ ಒಪ್ಪಂದಕ್ಕೂ ಇಬ್ಬರೂ ಸಹಿ ಹಾಕಿದೆವು. ಅಚ್ಚಾಗದ ಹಸ್ತಪ್ರತಿ ನಮ್ಮ ಸ್ವತ್ತಲ್ಲ, ಲೇಖಕರದು. ಯುರೋಪಿನಲ್ಲಿರುವ ಇಬ್ಬರು ಲೇಖಕರೂ ನನಗಿದ್ದಾರೆ. ಅಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ನಿಯಮದಂತೆ ಇತರರ ವೈಯಕ್ತಿಕ ಮಾಹಿತಿಯನ್ನು ನಮ್ಮ ಪರವಾಗಿ ನಿರ್ವಹಿಸುವವರೊಡನೆ ಲಿಖಿತ ಒಪ್ಪಂದ ಇರಲೇಬೇಕು. ಕಾನೂನು ಕೇಳದಿದ್ದರೂ ಅದು ಇರಬೇಕಾದದ್ದೇ.

ತಿದ್ದಿದ್ದು ನಾನು, ಕಲಿಯದೇ ಹೋದದ್ದು ಆಕೆ

ಮೊದಲ ನಾಲ್ಕು ವಾರ ಆಕೆ ಏನನ್ನೂ ತಾನಾಗಿ ಕಳಿಸುವಂತಿರಲಿಲ್ಲ. ಉತ್ತರ ಬರೆದು ಡ್ರಾಫ್ಟಿನಲ್ಲಿ ಇಡುವುದು, ನಾನು ಓದಿ ಸರಿಮಾಡಿ ಕಳಿಸುವುದು. ಕೇಳಲು ಚೆನ್ನಾಗಿದೆ. ಆದರೆ ನಾನು ವೃತ್ತಿಯಿಂದ ತಿದ್ದುವವಳು. ಡ್ರಾಫ್ಟ್ ತೆರೆದ ಕೂಡಲೇ ಕೈ ತಡೆಯುತ್ತಿರಲಿಲ್ಲ. ವಾಕ್ಯ ಬದಲಿಸಿ, ಒಂದು ಸಾಲು ಹೊಡೆದು, ಕಳಿಸಿಬಿಡುತ್ತಿದ್ದೆ. ಯಾಕೆ ಹೊಡೆದೆ ಎಂದು ಹೇಳುತ್ತಿರಲಿಲ್ಲ. ಮೂರನೆಯ ವಾರವೂ ಆಕೆ ಮೊದಲ ವಾರದ ಡ್ರಾಫ್ಟುಗಳನ್ನೇ ಬರೆಯುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಆಮೇಲೆ ಹೊಳೆಯಿತು: ನಾನು ತಿದ್ದಿದ್ದನ್ನು ಆಕೆ ನೋಡುವುದೇ ಇಲ್ಲ, ನೋಡಿದರೂ ಕಾರಣ ಅದರಲ್ಲಿಲ್ಲ.

ಆ ತಿಂಗಳು ಮೊದಲಿಗಿಂತ ಹೆಚ್ಚು ಹೊತ್ತು ನಾನು ಮೇಲ್ ಮುಂದೆ ಕೂತಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಕೆಲಸ ಬಿಟ್ಟುಕೊಟ್ಟ ಮೊದಲ ತಿಂಗಳೇ ಹಗುರಾಯಿತು ಎನ್ನುವವರನ್ನು ನಾನು ನಂಬುವುದಿಲ್ಲ.

ಆಮೇಲೆ ಹಂಚಿಕೊಂಡ ಒಂದು ಶೀಟ್ ಮಾಡಿದೆವು. ಮೂರೇ ಕಾಲಂ: ಏನು ಬರೆದಿದ್ದರು, ಏನು ಮಾಡಿದೆ, ಯಾಕೆ. ಮೊದಲ ಎರಡು ಕಾಲಂ ತುಂಬಿಸುವುದು ಆಕೆ. ಮೂರನೆಯದು ನನ್ನದು, ಅದು ಮೈ ಬೆವರಿಸಿತು. "ಈ ಹಿರಿಯ ಲೇಖಕರಿಗೆ ಗಡುವು ನೆನಪಿಸಬೇಡಿ" ಎಂದು ಬರೆಯುವುದು ಸುಲಭ. ಯಾಕೆ? ಅವರ ಪತ್ನಿ ಹಾಸಿಗೆ ಹಿಡಿದಿದ್ದಾರೆ, ಅವರು ರಾತ್ರಿ ಹೊತ್ತು ಪುಟ ತಿದ್ದುತ್ತಾರೆ, ಗಡುವು ತಪ್ಪಿದ್ದು ಅವರಿಗೇ ನಮಗಿಂತ ಚೆನ್ನಾಗಿ ಗೊತ್ತು. ಇದನ್ನು ತಿಳಿದ ಮೇಲೆ ಆಕೆ ಅವರಿಗೆ ಬರೆದ ಪತ್ರದಲ್ಲಿ ಗಡುವಿನ ಮಾತು ಇರಲಿಲ್ಲ, ಅಷ್ಟೇ ಅಲ್ಲ, "ನೀವು ಕಳಿಸಿದಷ್ಟನ್ನು ಪುಟವಿನ್ಯಾಸಕ್ಕೆ ಕೊಡುತ್ತಿದ್ದೇವೆ, ಉಳಿದದ್ದು ಆಮೇಲೆ ಸೇರಿಸೋಣ" ಎಂದಿತ್ತು. ಅದು ನನಗೇ ಹೊಳೆದಿರಲಿಲ್ಲ. ನಿಯಮ ಕೊಟ್ಟಿದ್ದರೆ ಅದನ್ನು ಪಾಲಿಸಿ ಸುಮ್ಮನಿರುತ್ತಿದ್ದರು. ಕಾರಣ ತಿಳಿದದ್ದರಿಂದ ಮುಂದಿನ ಹೆಜ್ಜೆ ತಾವೇ ಇಟ್ಟರು.

ಮತ್ತೆ ಕೆಲವು ಕಾಲಂಗಳಲ್ಲಿ ನನ್ನ ಕಾರಣ ಬರೆಯಲು ಹೋಗಿ ಕಾರಣವೇ ಇಲ್ಲ ಎಂದು ತಿಳಿಯಿತು. ಒಬ್ಬ ಪ್ರಕಾಶಕರಿಗೆ ಎರಡು ದಿನ ತಡವಾಗಿಯೇ ಉತ್ತರಿಸಬೇಕು ಎಂದು ಆಕೆಗೆ ಹೇಳಿದ್ದೆ. ಯಾಕೆ ಎಂದು ಬರೆಯಲು ಹೊರಟರೆ ಹೊರಬಂದದ್ದು ಏಳೆಂಟು ವರ್ಷದ ಹಿಂದಿನ ಒಂದು ಮುನಿಸು. ಆ ಸಾಲನ್ನು ಅಳಿಸಿದೆ. ನಿಯಮವನ್ನೂ.

ಸಿದ್ಧ ಉತ್ತರಗಳ ಟೆಂಪ್ಲೇಟುಗಳ ಬಗ್ಗೆ ಬಹಳ ಹೇಳುವುದಿಲ್ಲ. 14 ಮಾಡಿದೆವು, ಬಳಕೆಗೆ ಬಂದದ್ದು ಐದು.

'ನೀವು'

ಐದನೆಯ ವಾರದಿಂದ ದಿನಾಂಕ, ಸ್ವೀಕೃತಿ, ಇನ್‌ವಾಯ್ಸ್ ಪತ್ರಗಳನ್ನು ಆಕೆ ನೇರವಾಗಿ ಕಳಿಸತೊಡಗಿದರು, ನನ್ನ ಹೆಸರಿನಲ್ಲೇ. ಇದು ನನ್ನ ತೀರ್ಮಾನ. ಲೇಖಕರಿಗೆ "ನಮ್ಮನ್ನು ಇನ್ನಾರಿಗೋ ದಾಟಿಸಿದರು" ಅನ್ನಿಸಬಾರದೆಂದು. ಒಳಗಿನ ಕಾರಣ ಬೇರೆ ಇತ್ತು: ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂಬ ನನ್ನ ಹೆಸರು ಉಳಿಯಬೇಕಿತ್ತು.

ಆಗಲೇ ಗೆಳತಿಯ ಫೋನ್ ಬಂದದ್ದು.

ಕನ್ನಡದಲ್ಲಿ ಪತ್ರ ಬರೆಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಪತ್ರದ ಮೊದಲ ಕ್ರಿಯಾಪದಕ್ಕೆ ಬರುವ ಮೊದಲೇ ಎದುರಿನವರು ನಮಗೆ ಏನಾಗಬೇಕು ಎಂದು ತೀರ್ಮಾನಿಸಿರಬೇಕು. ನೀನು, ನೀವು, ತಾವು. ನನ್ನ ಪತ್ರಗಳಲ್ಲಿ ಮೂರೂ ಇವೆ, ಯಾರಿಗೆ ಯಾವುದು ಎಂಬುದು ಎಲ್ಲೂ ಬರೆದಿಲ್ಲ. ಒಬ್ಬ ಹಿರಿಯರಿಗೆ 'ತಾವು' ಅಂದೇ ಶುರುಮಾಡಿ ಮೂರನೆಯ ಸಾಲಿಗೆ 'ನೀವು'ಗೆ ಇಳಿಯುತ್ತೇನೆ, ಅವರಿಗೂ ಅದು ಅಭ್ಯಾಸವಾಗಿದೆ. 'ಮಾನ್ಯರೇ' ಎಂದರೆ ಕೆಲವರಿಗೆ ಗೌರವ, ಕೆಲವರಿಗೆ ನೋಟಿಸು. ಸಹಾಯಕಿ ಎಲ್ಲರಿಗೂ 'ನೀವು' ಬಳಸಿದ್ದರು, ಉಪಕಾರದ ಸಾಲಿನಲ್ಲಿ ಮಾತ್ರ 'ತಮಗೆ'. ಹೊರಗಿನವರು ಹೇಗೆ ಬರೆಯಬೇಕೋ ಹಾಗೇ ಬರೆದಿದ್ದರು. ತಪ್ಪು ವಾಕ್ಯದಲ್ಲಿರಲಿಲ್ಲ. ಆ ವಾಕ್ಯದ ಕೆಳಗೆ ನನ್ನ ಹೆಸರು ಕೂರಿಸಿದ್ದು ತಪ್ಪಾಗಿತ್ತು.

ಮೊದಲು ತೋಚಿದ ಪರಿಹಾರ ಒಂದು ಪಟ್ಟಿ: ಯಾರಿಗೆ ನೀನು, ಯಾರಿಗೆ ತಾವು. ಇಪ್ಪತ್ತು ಹೆಸರು ಬರೆದು ನಿಲ್ಲಿಸಿದೆ. ಗೆಳತಿಗೆ 'ನೀನು' ಎಂದು ಸಹಾಯಕಿಯಿಂದ ಬರೆಸಿದರೆ ಅದು 'ನೀವು'ಗಿಂತ ದೊಡ್ಡ ಮೋಸ. ಅವಳಿಗೆ ಸಿಗುತ್ತಿದ್ದದ್ದು ನನ್ನ ಸಲುಗೆಯಲ್ಲ, ಅದರ ನಕಲು. ಆಕೆಗೂ ಅದು ಮುಜುಗರ, ಮುಖ ನೋಡದ ಹಿರಿಯರಿಗೆ ಏಕವಚನ ಬರೆಯಬೇಕಲ್ಲ.

ಈ ಗೊಂದಲ ನನ್ನೊಬ್ಬಳದೇ ಅಲ್ಲ, ಇಮೇಲ್ ರೂಪಿಸಿದವರಿಗೂ ಬಂದಿತ್ತು ಎಂಬುದು ಆಮೇಲೆ ತಿಳಿಯಿತು. ಮೇಲ್‌ನ ತಲೆಭಾಗದಲ್ಲಿ ಏನೇನಿರಬೇಕು ಎಂದು ಗೊತ್ತುಪಡಿಸಿದ ದಾಖಲೆ ಆರ್‌ಎಫ್‌ಸಿ 822, 1982ರದ್ದು. ಅದರಲ್ಲಿ 'ಫ್ರಮ್' ಬೇರೆ, 'ಸೆಂಡರ್' ಬೇರೆ. ಅದರ ಪರಿಷ್ಕೃತ ರೂಪವಾದ 2008ರ ಆರ್‌ಎಫ್‌ಸಿ 5322 ಕೊಡುವ ಉದಾಹರಣೆಯೂ ಕಾರ್ಯದರ್ಶಿಯದೇ: ಒಬ್ಬರ ಪತ್ರವನ್ನು ಅವರ ಕಾರ್ಯದರ್ಶಿ ಕಳಿಸಿದರೆ, ಪತ್ರ ಯಾರದೋ ಅವರ ವಿಳಾಸ 'ಫ್ರಮ್'ನಲ್ಲಿ, ಕಳಿಸಿದವರದು 'ಸೆಂಡರ್'ನಲ್ಲಿ ಇರಬೇಕು. ಔಟ್‌ಲುಕ್‌ನಲ್ಲಿ 'ಸೆಂಡ್ ಆನ್ ಬಿಹಾಫ್' ಅನುಮತಿ ಕೊಟ್ಟರೆ ಎರಡೂ ಹೆಸರು ಕಾಣುತ್ತವೆ, 'ಸೆಂಡ್ ಆ್ಯಸ್' ಕೊಟ್ಟರೆ ಒಡೆಯರ ಹೆಸರು ಮಾತ್ರ. ಜಿಮೇಲ್ ಡೆಲಿಗೇಶನ್‌ನಲ್ಲೂ ಸಾಮಾನ್ಯವಾಗಿ ಕಳಿಸಿದವರ ವಿಳಾಸದ ಸುಳಿವು ಇರುತ್ತದೆ. ಗೆಳತಿ ಅದನ್ನು ನೋಡಿರಲಿಲ್ಲ. ಫೋನಿನಲ್ಲಿ ಓದುವವರು ಹೆಸರೊಂದನ್ನು ನೋಡಿ ಒಳಗೆ ಹೋಗುತ್ತಾರೆ.

ಕನ್ನಡದಲ್ಲಿ ಇದಕ್ಕೆ 'ಫ್ರಮ್', 'ಸೆಂಡರ್' ಎಂಬ ಎರಡು ಸಾಲು ಬೇಕಿಲ್ಲ, ಒಂದು ಪ್ರತ್ಯಯ ಸಾಕು. ಬರೆದೆ, ಬರೆಸಿದೆ. ನಾನು ಬರೆಸಿದ್ದನ್ನು ಬರೆದೆ ಎಂದು ತೋರಿಸಿಕೊಂಡಿದ್ದೆ.

ಎಂಟನೆಯ ವಾರದಿಂದ ಕ್ರಮ ಬದಲಾಯಿತು. ಆಕೆ ಬರೆದ ಪತ್ರದ ಕೆಳಗೆ ಆಕೆಯದೇ ಹೆಸರು, ಅದರಡಿ "ಸಂಪಾದಕಿಯವರ ಪರವಾಗಿ". ನನ್ನ ಹೆಸರಿನಲ್ಲಿ ಹೋಗುವುದು ನಾನೇ ಬೆರಳಾಡಿಸಿದ ಪತ್ರ ಮಾತ್ರ, ಅದು ಎರಡೇ ಸಾಲಾದರೂ ಸರಿ. ಎಲ್ಲ ಲೇಖಕರಿಗೂ ಒಂದು ಚಿಕ್ಕ ಪತ್ರ ನಾನೇ ಬರೆದೆ: ಇಂಥವರು ಜೊತೆಗಿದ್ದಾರೆ, ದಿನಾಂಕ ಮತ್ತು ಲೆಕ್ಕದ ವಿಷಯ ಅವರು ನೋಡುತ್ತಾರೆ, ಹಸ್ತಪ್ರತಿಯ ವಿಷಯ ನಾನು.

ಅಂದುಕೊಂಡ ಮಟ್ಟಿನ ಬೇಸರ ಯಾರಿಗೂ ಆಗಲಿಲ್ಲ. ಒಬ್ಬರು ಮಾತ್ರ "ಓಹೋ, ದೊಡ್ಡವರಾದಿರಿ" ಎಂದು ಚುಚ್ಚಿದರು. ಲಾಭ ಬೇರೆ ಕಡೆಯಿಂದ ಬಂತು. ತನ್ನ ಹೆಸರು ಹಾಕತೊಡಗಿದ ಮೇಲೆ ಆಕೆಯ ಪತ್ರಗಳೇ ಬೇರೆಯಾದವು. ನನ್ನಂತೆ ಬರೆಯಲು ಹೆಣಗುವುದು ಬಿಟ್ಟು, ಚುಟುಕಾಗಿ, ನೇರವಾಗಿ, ತುಸು ನಗುತ್ತ ಬರೆದರು. ಬಾಕಿ ಹಣ ಕೇಳುವುದು ನನಗೆ ಎಂದೂ ಬಾರದ ವಿದ್ಯೆ, ಹೇಗೋ ಸುತ್ತಿ ಬಳಸಿ ಬರೆದು ಕೊನೆಗೆ ಕೇಳುವುದನ್ನೇ ಮರೆಯುತ್ತಿದ್ದೆ. ಆಕೆಗೆ ಆ ಹಿಂಜರಿಕೆ ಇಲ್ಲ. "ಇನ್‌ವಾಯ್ಸ್ ಕಳಿಸಿ 40 ದಿನವಾಯಿತು. ಯಾವ ದಿನ ಪಾವತಿಯಾಗುತ್ತದೆ ತಿಳಿಸಿ" ಎಂದು ಎರಡೇ ಸಾಲು. ನನ್ನ ಹೆಸರಿನಲ್ಲಿ ಅದು ಒರಟು, ಆಕೆಯ ಹೆಸರಿನಲ್ಲಿ ಅದು ಕೆಲಸ.

ಖಾಲಿ ದಿನ ಮತ್ತು ತುರ್ತು ಪತ್ರ

ಮೂರನೆಯ ತಿಂಗಳಲ್ಲಿ ಇನ್ನೊಂದು ಎಡವಟ್ಟು. ಒಬ್ಬ ಪ್ರಕಾಶಕರು ಹಸ್ತಪ್ರತಿ 15ರೊಳಗೆ ಸಿಗುತ್ತದೆಯೇ ಎಂದು ಕೇಳಿದರು. ಆಕೆ ನನ್ನ ಕ್ಯಾಲೆಂಡರ್ ನೋಡಿದರು, ಆ ವಾರ ನಾಲ್ಕು ದಿನ ಖಾಲಿ. ಸಿಗುತ್ತದೆ ಎಂದು ಬರೆದರು. ಖಾಲಿ ದಿನಗಳೆಂದರೆ ನಾನು ಫೋನ್ ಆಫ್ ಮಾಡಿ ಓದುವ ದಿನಗಳು ಎಂದು ಆಕೆಗೆ ಹೇಗೆ ಗೊತ್ತಾಗಬೇಕು? ನನ್ನ ಕ್ಯಾಲೆಂಡರಿನಲ್ಲಿ ಬರೆದದ್ದೆಲ್ಲ ಬೇರೆಯವರ ಕೆಲಸ, ಬರೆಯದೇ ಬಿಟ್ಟದ್ದು ನನ್ನ ಕೆಲಸ. ಮೂರು ರಾತ್ರಿ ನಿದ್ದೆಗೆಟ್ಟು ಮಾತು ಉಳಿಸಿಕೊಂಡೆ. ಈಗ ಓದುವ ದಿನಗಳನ್ನೂ ಗುರುತು ಹಾಕಿರುತ್ತೇನೆ. ಆಕೆ ದಿನಾಂಕ ಸೂಚಿಸಬಹುದು, ಒಪ್ಪಿಕೊಳ್ಳುವುದು ನಾನು.

ಅದೇ ತಿಂಗಳು ನನ್ನ ಹೆಸರಿನಿಂದ ಆಕೆಗೊಂದು ಮೇಲ್ ಬಂತು: ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಪುಟವಿನ್ಯಾಸದವರ ಖಾತೆ ಬದಲಾಗಿದೆ, ತುರ್ತಾಗಿ ಈ ಖಾತೆಗೆ ಹಣ ಹಾಕಿ. ವಿಳಾಸದಲ್ಲಿ ಒಂದಕ್ಷರ ವ್ಯತ್ಯಾಸ. ಹಣ ಕಳಿಸುವ ಅಧಿಕಾರ ಆಕೆಗೆ ನಾನು ಕೊಟ್ಟೇ ಇಲ್ಲವಾದ್ದರಿಂದ ನಷ್ಟವಾಗಲಿಲ್ಲ. ಆದರೂ ಆ ಪತ್ರ ನನ್ನನ್ನು ತುಂಬ ಹೊತ್ತು ಕಾಡಿತು.

ಈ ವಂಚನೆಗೆ ದೂರದ ಸಹಾಯಕರು ಸುಲಭ ಗುರಿ. ಒಂದೇ ಕೋಣೆಯಲ್ಲಿದ್ದವರು ತಲೆ ಎತ್ತಿ ಕೇಳಿಬಿಡುತ್ತಾರೆ. ನಮ್ಮದೆಲ್ಲ ಬರಹದಲ್ಲೇ ನಡೆಯುವ ಸಂಬಂಧ, ಬರಹವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅಮೆರಿಕದ ಎಫ್‌ಬಿಐಗೆ ಸೇರಿದ ಇಂಟರ್ನೆಟ್ ಅಪರಾಧ ದೂರು ಕೇಂದ್ರದ 2023ರ ವರದಿಯಲ್ಲಿ ಇಂಥ ವ್ಯವಹಾರದ ಇಮೇಲ್ ವಂಚನೆಯಿಂದಾದ ನಷ್ಟ 290 ಕೋಟಿ ಡಾಲರ್ ದಾಟಿದೆ. ಅದು ದೂರು ಕೊಟ್ಟವರ ಲೆಕ್ಕ ಮಾತ್ರ. ನಮ್ಮ ಕ್ರಮ ಸರಳ: ನನ್ನ ಸೂಚನೆಗಳು ಮೇಲ್‌ನಲ್ಲಿ ಬರುವುದೇ ಇಲ್ಲ. ಹಣದ ವಿಷಯ ಏನೇ ಇದ್ದರೂ, ಯಾರದೇ ಖಾತೆ ಬದಲಾಗಿದ್ದರೂ, ಮೊದಲಿಂದ ನಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ದನಿ ಕೇಳಿಯೇ ಮುಂದಿನದು. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ. ಮತ್ತೆ, ತುರ್ತು ಎಂದಿದ್ದಷ್ಟೂ ನಿಧಾನ. ಇದೊಂದು ನಿಯಮಕ್ಕೆ 'ಯಾಕೆ' ಕಾಲಂ ತುಂಬಿಸಬೇಕಾಗಲಿಲ್ಲ.

ಈಗ

ಒಂಬತ್ತು ತಿಂಗಳಾಯಿತು. ಪ್ರತಿ ಮೇಲ್‌ಗೂ ಆಕೆ ಹಚ್ಚುವ ಲೇಬಲ್ ನಾಲ್ಕೇ: 'ಮುಗಿಯಿತು', 'ನೀವೇ', 'ಕೇಳಬೇಕು', 'ಕಾಯುತ್ತಿದೆ'. ಸಂಜೆ ಆಕೆಯಿಂದ ಒಂದು ಟಿಪ್ಪಣಿ ಬರುತ್ತದೆ, 'ಕೇಳಬೇಕು' ಎಂಬಲ್ಲಿರುವುದಕ್ಕೆಲ್ಲ ನಾನು ವಾಯ್ಸ್ ನೋಟ್ ಕಳಿಸುತ್ತೇನೆ. ಟೈಪ್ ಮಾಡಿದರೆ ಆಜ್ಞೆಯಷ್ಟೇ ಹೋಗುತ್ತದೆ. ಮಾತಾಡಿದರೆ ಕಾರಣವೂ ತಾನಾಗಿ ಬಾಯಿಗೆ ಬರುತ್ತದೆ, ಕೆಲವೊಮ್ಮೆ ನಿಟ್ಟುಸಿರು ಸಹ, ಅದರಿಂದಲೂ ಆಕೆಗೆ ಏನೋ ತಿಳಿಯುತ್ತದೆ.

ನನ್ನ ಕಣ್ಣಿಗೆ ಬೀಳುವ ಮೇಲ್ ದಿನಕ್ಕೆ ಎಂಟು, ಒಂಬತ್ತು. ಬೆಳಗಿನ ಹೊತ್ತು ತಿದ್ದುವುದಕ್ಕೆ ವಾಪಸ್ ಸಿಕ್ಕಿದೆ. ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನು ಊಹಿಸದೇ ಇದ್ದ ಲೇಬಲ್, 'ಕಾಯುತ್ತಿದೆ'. ನಾವು ಕೇಳಿ, ಎದುರಿನವರು ಉತ್ತರಿಸದೇ ಉಳಿದವು. ಬಂದ ಮೇಲ್ ಕಣ್ಣಿಗೆ ಬೀಳುತ್ತದೆ, ಬಾರದ ಮೇಲ್ ಬೀಳುವುದಿಲ್ಲ. ನಾನು ಮರೆತೇಬಿಟ್ಟಿದ್ದ ಎರಡು ಇನ್‌ವಾಯ್ಸ್, ಒಂದು ಚಿತ್ರದ ಅನುಮತಿ, ಒಂದು ಮುನ್ನುಡಿ ಹೀಗೆ ಸಿಕ್ಕವು.

ಒಂದು ಬಗೆಯ ಪತ್ರವನ್ನು ಮಾತ್ರ ವಾಪಸ್ ತೆಗೆದುಕೊಂಡಿದ್ದೇನೆ: ಹೊಸಬರ ಹಸ್ತಪ್ರತಿ ಒಲ್ಲೆ ಎನ್ನುವ ಪತ್ರ. ಎಣಿಸುವಾಗ ಅದನ್ನು ಮಾಮೂಲು ಎಂದು ಬರೆದುಕೊಂಡಿದ್ದೆ, ಆಕೆಯ ಐದು ಟೆಂಪ್ಲೇಟುಗಳಲ್ಲಿ ಅದೂ ಒಂದಾಗಿತ್ತು. ಒಬ್ಬ ಹುಡುಗ ಅದಕ್ಕೆ ಉತ್ತರಿಸಿದ: "ನೀವು ಓದಿದಿರೋ, ಅವರು ಓದಿದರೋ?" ಓದಿದ್ದು ನಾನು. ಪತ್ರದಲ್ಲಿ ಅದರ ಗುರುತು ಒಂದೂ ಇರಲಿಲ್ಲ. ಈಗ ತಿಂಗಳಿಗೆ ಆರೇಳು ಅಂಥ ಪತ್ರ ನಾನೇ ಬರೆಯುತ್ತೇನೆ, ಒಂದೊಂದಕ್ಕೂ ಅರ್ಧ ಗಂಟೆ ಹೋಗುತ್ತದೆ. ಹೋಗಲಿ.

ಗಡುವು ನೆನಪಿಸಬೇಡಿ ಎಂದಿದ್ದೆನಲ್ಲ, ಆ ಹಿರಿಯ ಲೇಖಕರು ಈಗ ನೇರವಾಗಿ ಸಹಾಯಕಿಗೇ ಬರೆಯುತ್ತಾರೆ, ಹೆಸರು ಹಿಡಿದು. ಕಳೆದ ವಾರದ ಪತ್ರ ಹೀಗಿತ್ತು: "ಕೊನೆಯ ಅಧ್ಯಾಯ ಕಳಿಸಿ ಹನ್ನೆರಡು ದಿನವಾಯಿತು. ನಿಮ್ಮ ಸಂಪಾದಕಿಯವರಿಗೆ ಸ್ವಲ್ಪ ನೆನಪಿಸುತ್ತೀರಾ? ನಾನೇ ಕೇಳಿದರೆ ನೊಂದುಕೊಂಡಾರು."

ಆಕೆ ಅದಕ್ಕೆ 'ನೀವೇ' ಎಂಬ ಲೇಬಲ್ ಹಚ್ಚಿ ಇಟ್ಟಿದ್ದಾರೆ. ಮೂರು ದಿನವಾಯಿತು.